ಮದುವೆಯ ಅಂಗಳದ ಮೂರನೆಯ ಪೀಪಾಯಿ

ಝೆಲ್ಮಾ ಪ್ರುವಿಟ್‌ಳೊಡನೆ ಮೊದಲ ಮಾತುಕತೆಯನ್ನು ಕುದುರಿಸಿಕೊಟ್ಟವನು ಹ್ಯಾಕ್‌ಬೆರಿ ಊರಿನ ಮೇವಿನಂಗಡಿಯ ವರ್ಜಿಲ್. ಅದಕ್ಕೆ ಮೊದಲು, ಹಳಬರ ನೆನಪುಗಳನ್ನು ದಾಖಲಿಸುವ ವಿಶ್ವವಿದ್ಯಾಲಯದ ಸಂಗ್ರಾಹಕರು ಪದ್ಧತಿಯಂತೆ ಎರಡು ಪತ್ರ ಬರೆದಿದ್ದರು. ವಿಶ್ವವಿದ್ಯಾಲಯದ ಮುದ್ರೆಯಿದ್ದ ಲಕೋಟೆಗಳನ್ನು ಕಂಡು, ಇವು ತೆರಿಗೆಯವರದೇ ಇರಬೇಕೆಂದು ತೀರ್ಮಾನಿಸಿದ ಝೆಲ್ಮಾ ಅವನ್ನು ಒಡೆಯದೆ ಫ್ರಿಜ್ಜಿನ ಮೇಲೆ, ಬ್ರೆಡ್ಡಿನ ಡಬ್ಬಿಯ ಅಡಿಗೆ ಸೇರಿಸಿದ್ದಳು. ಫೋನು ಮಾಡಿದರೆ ಗಂಡ ಡಬ್ ಎತ್ತುತ್ತಿದ್ದ. “ಅವಳು ಲಾಯದಲ್ಲಿದಾಳೆ,” ಎನ್ನುತ್ತಿದ್ದ. ಯಾವ ಹೊತ್ತಿಗೆ ಸಿಗುತ್ತಾರೆ ಎಂದರೆ, “ಲಾಯದಿಂದ ಬಂದ್ಮೇಲೆ,” ಎನ್ನುತ್ತಿದ್ದ. ಡಬ್‌ನ ಮಾತುಗಳೆಲ್ಲ ಹಾಗೆಯೇ. ಸುಳ್ಳೇನೂ ಇರುವುದಿಲ್ಲ, ಪ್ರಯೋಜನವೂ ಇರುವುದಿಲ್ಲ.

“ಆಯಮ್ಮನ ಬಗ್ಗೆ ಏನೂ ಕೇಳ್ಬೇಡಿ,” ಎಂದ ವರ್ಜಿಲ್. “ಕುದುರೆ ಬಗ್ಗೆ ಕೇಳಿ. ಗುರುವಾರ ಬೆಳಿಗ್ಗೆ ಓಟ್ಸ್ ಮೂಟೆ ಒಯ್ಯೋಕೆ ಬರ್ತಾರೆ, ಹಿಂದಿನ ಗಾಡೀಲಿ ಕೆಂಚು ಕುದುರೆ ಇರುತ್ತೆ. ಅದರ ಅಮ್ಮ ಯಾರು ಅಂತ ಕೇಳ್ಬಿಟ್ಟು ಸುಮ್ನೆ ನಿಂತ್ಕೊಳ್ಳಿ. ಆಮೇಲೆ ನೀವು ನಿಲ್ಸಿ ಅಂದ್ರೂ ನಿಲ್ಸಲ್ಲ.”

ಹಾಗೆಯೇ ಆಯಿತು. ಗುರುವಾರ ಬೆಳಿಗ್ಗೆ ಸಂಗ್ರಾಹಕರು ಕುದುರೆಯ ತಾಯಿಯನ್ನು ವಿಚಾರಿಸಿದರು. ಝೆಲ್ಮಾ ಹೆಗಲ ಮೇಲಿನ ಮೂಟೆಯನ್ನು ಇಳಿಸಿ, ಅದರ ಮೇಲೆಯೇ ಕುಳಿತು, ವಂಶಾವಳಿ ಹೇಳತೊಡಗಿದಳು. ಇವಳು ಜಿಂಜರ್. ಇವಳ ತಾಯಿ ನಟ್‌ಮೆಗ್. ಅವಳ ತಾಯಿ ಸಿನಮನ್. ಎಲ್ಲರ ಮೂಲಪುರುಷಳು, ಅಥವಾ ಮೂಲಕುದುರೆ, ಪೆಪ್ಪರ್. ಮಸಾಲೆ ಡಬ್ಬಿಯಲ್ಲಿ ಇನ್ನೂ ಎರಡು ಹೆಸರು ಉಳಿದಿವೆ, ಆದರೆ ಜಿಂಜರ್‌ಗೆ ಹದಿನಾರು ತುಂಬಿತು, ಇನ್ನು ಮರಿ ಹಾಕುವ ಮನಸ್ಸು ಅವಳಿಗಿಲ್ಲ. ಇಷ್ಟು ಹೇಳಿದ ಮೇಲೆ ಝೆಲ್ಮಾ ಕಣ್ಣು ಕಿರಿದು ಮಾಡಿ ನೋಡಿದಳು.

“ಪತ್ರ ಬರ್ದೋರು ನೀವೇನಾ? ನಾನು ತೆರಿಗೆಯೋರು ಅಂದ್ಕೊಂಡಿದ್ದೆ. ತೆರಿಗೆಯೋರು ಕುದುರೆ ತಾಯಿ ಹೆಸ್ರು ಕೇಳಲ್ಲ ಬಿಡಿ.”

ರೋಡಿಯೊ ಎಂಬ ದನಗಾಹಿಗಳ ಪಂದ್ಯದ ಅಖಾಡದಲ್ಲಿ ಪೀಪಾಯಿ ಸುತ್ತಿ ಕುದುರೆ ಓಡಿಸಿದ ಈ ಸೀಮೆಯ ಹೆಂಗಸರ ನೆನಪುಗಳನ್ನು ಸಂಗ್ರಹಿಸುತ್ತಿರುವುದಾಗಿ ಸಂಗ್ರಾಹಕರು ತಿಳಿಸಿದರು.

“ಮಾತಾಡ್ತೀನಿ. ಆದ್ರೆ ಒಂದು ಷರತ್ತು,” ಎಂದಳು ಝೆಲ್ಮಾ. “ನನ್ನ ಮದುವೆ ದಿನ ನಾನು ಓಡ್ಸಿದ ಓಟ ನಿಮ್ಮ ದಾಖಲೇಲಿ ಸೇರ್ಬೇಕು. ಶುದ್ಧವಾದ ಓಟ ಅಂತ ಸೇರ್ಬೇಕು. ಪೀಪಾಯಿ ಬೀಳ್ಲಿಲ್ಲ.”

ಸಂಗ್ರಾಹಕರಿಗೂ ಒಂದು ಷರತ್ತು ಇತ್ತು. ಯಾವ ಸಂಗತಿಯೇ ಆಗಲಿ, ಕಣ್ಣಾರೆ ಕಂಡ ಇಬ್ಬರು ಹೇಳಬೇಕು; ಇಬ್ಬರಲ್ಲಿ ಒಬ್ಬರಿಗಾದರೂ ಅದರಿಂದ ಲಾಭ ಇರಬಾರದು.

“ಸಾಕ್ಷಿಗೇನು ಬರ? ಇಡೀ ಚರ್ಚೇ ಬಂದಿತ್ತು. ಈಗ ಮುಕ್ಕಾಲು ಜನ ಸ್ಮಶಾನದಲ್ಲಿದಾರೆ, ಉಳಿದೋರಿಗೆ ಕೇಕ್ ಒಂದೇ ನೆನಪಿರೋದು. ಸರಿಯಾಗಿ ನೋಡಿದೋಳು ಅಂದ್ರೆ ನನ್ನ ನಾದಿನಿ. ಓಪಲ್.”

“ಅವರು ಏನು ಹೇಳ್ತಾರೆ?”

“ಬಿತ್ತು ಅಂತಾಳೆ. ನಲವತ್ನಾಕು ವರ್ಷದಿಂದ ಬಿತ್ತು ಅಂತಾನೇ ಇದಾಳೆ. ಅಷ್ಟು ಸಲ ಬೀಳೋಕೆ ಆ ಪೀಪಾಯಿ ಪಾಪ ಏನು ಮಾಡಿತ್ತೋ.”

“ನಿಮ್ಮ ಯಜಮಾನರು?”

“ಅವನ್ನೇ ಕೇಳಿ ನೋಡಿ.”

ಕೇಳಿದಾಗ ಡಬ್ ಟೋಪಿಯನ್ನು ತೆಗೆದು, ಒಳಗೆ ಏನೋ ಬರೆದಿರುವಂತೆ ನೋಡಿ, ಮತ್ತೆ ಹಾಕಿಕೊಂಡ. “ನಾನು ಪಾದ್ರಿ ಕಡೆ ನೋಡ್ತಿದ್ದೆ,” ಎಂದ. ಒಬ್ಬಳ ಗಂಡ, ಇನ್ನೊಬ್ಬಳ ಅಣ್ಣ ಆದವನು ಆ ಊರಿನಲ್ಲಿ ಅಷ್ಟು ವರ್ಷ ನೆಮ್ಮದಿಯಾಗಿ ಊಟ ಮಾಡಿದ್ದು ಈ ಒಂದು ವಾಕ್ಯದ ಬಲದಿಂದಲೇ.

ಝೆಲ್ಮಾಳ ಜೀವನದಲ್ಲಿ ಕುದುರೆಗಿಂತ ಮುಂಚೆ ಬಂದದ್ದು ಹಾಲಿನ ಕ್ಯಾನುಗಳು. ಒಕ್ಲಹೋಮಾದ ಪಡುವಣ ಮೂಲೆಯ ಕೆಂಪು ಮಣ್ಣಿನಲ್ಲಿ ಅಪ್ಪ ಹಸು ಸಾಕುತ್ತಿದ್ದ. ಒಂಬತ್ತರ ಹುಡುಗಿ ಖಾಲಿ ಕ್ಯಾನುಗಳನ್ನು ಮೂರು ಮೂಲೆಗೆ ಇಟ್ಟು, ಮುದಿ ಗಾಡಿಕುದುರೆಯೊಂದನ್ನು ಹತ್ತಿ ಅವುಗಳ ಸುತ್ತ ತಿರುಗಿಸುತ್ತಿದ್ದಳು. ಕುದುರೆಗೆ ಅದು ಗಾಣದ ಕೆಲಸದಂತೆ ಕಂಡಿರಬೇಕು. ನಡುವೆ ನಿಂತು ನಿದ್ದೆ ಹೋಗುತ್ತಿತ್ತು. ಮುಂದೆ ದೊಡ್ಡವಳಾದ ಮೇಲೆ ಶಾಲೆಯ ಬಸ್ಸು ಓಡಿಸುವ ಕೆಲಸ ಸಿಕ್ಕಿತು. ಇಪ್ಪತ್ತಾರು ವರ್ಷ ಓಡಿಸಿದಳು. ಅವಳ ಬಸ್ಸಿನಲ್ಲಿ ಕುಳಿತ ಮಕ್ಕಳು ಇಂದಿಗೂ ಹೇಳುವುದೇನೆಂದರೆ, ಮಿಸ್ ಝೆಲ್ಮಾ ತಿರುವಿಗೆ ಬಂದಾಗ ಭುಜ ತಗ್ಗಿಸುತ್ತಿದ್ದರು, ಒಳಗಾಲು ಒತ್ತುತ್ತಿದ್ದರು, ಬಸ್ಸು ಬಾಗುತ್ತಿತ್ತು. ದೂರು ಹೋದಾಗ ಅವಳು ಕೊಟ್ಟ ಉತ್ತರ ಹೀಗಿತ್ತು: “ಒಂದು ಕಂಬಕ್ಕಾದ್ರೂ ತಾಗಿಸಿದೀನಾ?”

ಆ ಸೀಮೆಯ ಮಕ್ಕಳಿಗೆ ಈ ಆಟದ ನಿಯಮ ಊಟದ ಮುಂಚಿನ ಪ್ರಾರ್ಥನೆಗಿಂತ ಮೊದಲೇ ಬಾಯಿಗೆ ಬರುತ್ತದೆ. ಅಖಾಡದಲ್ಲಿ ಎಣ್ಣೆಯ ಖಾಲಿ ಪೀಪಾಯಿ ಮೂರು, ತ್ರಿಕೋನವಾಗಿ. ಬಾಗಿಲಿನಿಂದ ನಾಗಾಲೋಟದಲ್ಲಿ ಒಳಗೆ ಬರಬೇಕು. ಮೊದಲನೆಯದಕ್ಕೆ ಬಲಕ್ಕೆ ಸುತ್ತು, ಎರಡನೆಯದಕ್ಕೂ ಮೂರನೆಯದಕ್ಕೂ ಎಡಕ್ಕೆ, ಆಮೇಲೆ ಬಂದ ದಾರಿಯಲ್ಲೇ ಬಾಗಿಲಿಗೆ; ಕಡಿಮೆ ಹೊತ್ತು ತೆಗೆದುಕೊಂಡವಳು ಗೆದ್ದಳು. ಮೇಲಿನಿಂದ ನೋಡಿದರೆ ಮೂರೆಲೆಯ ಸೊಪ್ಪಿನ ಹಾಗೆ. ಮೊಣಕಾಲು ಪೀಪಾಯಿಗೆ ತಾಗಿದರೆ ಚಿಂತೆಯಿಲ್ಲ, ಏಟು ಬಿದ್ದಲ್ಲಿ ಕಪ್ಪಗಾಗುತ್ತದೆ ಅಷ್ಟೆ. ವಾಲಿದರೂ ಚಿಂತೆಯಿಲ್ಲ. ಬಿದ್ದರೆ ಐದು ಸೆಕೆಂಡು ದಂಡ. ಬೀಳುವ ಪೀಪಾಯಿಯನ್ನು ಸವಾರಳೇ ಕೈಚಾಚಿ ಹಿಡಿದರೆ ಸೈ. ಹೊರಗಿನವರ ಕೈ ತಾಗಿತೋ, ಆ ಓಟ ಓಟವೇ ಅಲ್ಲ. ಅದನ್ನು ‘ನೋ ಟೈಮ್’ ಎನ್ನುತ್ತಾರೆ: ಬಂದಿಲ್ಲ, ಓಡಿಲ್ಲ, ಕುದುರೆಯನ್ನು ಗಾಡಿಗೆ ಹತ್ತಿಸು.

ಈ ಕೊನೆಯ ನಿಯಮದ ಮೂರ್ತಿಯೇ ಓಪಲ್. ಒಂದು ಕಾಲಕ್ಕೆ ಅವಳೂ ಸವಾರಳು, ಝೆಲ್ಮಾಳಿಗಿಂತ ಎರಡು ವರ್ಷಕ್ಕೆ ಹಿರಿಯಳು, ಮತ್ತು ಎಲ್ಲರೂ ಒಪ್ಪುವಂತೆ ಸ್ವಲ್ಪ ಹೆಚ್ಚೇ ಚುರುಕು. ಆದರೆ ಮದುವೆಯ ಹಿಂದಿನ ಬೇಸಿಗೆಯಲ್ಲಿ, ಕೌಂಟಿಯ ಪಂದ್ಯದಲ್ಲಿ, ಝೆಲ್ಮಾ ಅವಳನ್ನು ಕಣ್ಣು ಮಿಟುಕಿಸುವಷ್ಟರಿಂದ ಸೋಲಿಸಿ ಗೆದ್ದವರಿಗೆ ಕೊಡುವ ಬೆಳ್ಳಿಯ ಬೆಲ್ಟ್ ಬಕಲ್ ಗೆದ್ದುಬಿಟ್ಟಳು. ಝೆಲ್ಮಾ ಜೀವನದಲ್ಲಿ ಗೆದ್ದ ಬಕಲ್ ಅದೊಂದೇ. ಅಂದಿನಿಂದ ಓಪಲ್ ಅವಳೊಡನೆ ಮಾತು ಬಿಟ್ಟಳು. ಆಮೇಲೆ ಸೊಂಟ ನೋವೆಂದು ಸವಾರಿಯನ್ನೂ ಬಿಟ್ಟು ಅಖಾಡದ ತೀರ್ಪುಗಾರಳಾದಳು. ಮೂವತ್ತು ವರ್ಷ ಮೂರನೆಯ ಪೀಪಾಯಿಯ ಎದುರಿಗೆ, ಮಡಿಸುವ ಕುರ್ಚಿಯಲ್ಲಿ, ಸೂರ್ಯಕಾಂತಿ ಬೀಜ ಜಗಿಯುತ್ತ ಕುಳಿತಳು.

ಒಂದು ವರ್ಷ ಝೆಲ್ಮಾಳ ಮಗಳು ರೇಲೀನ್ ಓಡಿಸುತ್ತಿದ್ದಳು. ಮೂರನೆಯ ಪೀಪಾಯಿ ಬೇಲಿಯ ಕಡೆಗೆ ವಾಲಿತು. ಬೇಲಿಗೆ ಒರಗಿ ನಿಂತಿದ್ದ ಡಬ್ ಕೈಚಾಚಿ ಅದನ್ನು ನೆಟ್ಟಗೆ ಮಾಡಿಬಿಟ್ಟ. ಮಾಡಿದ ಮೇಲೆ ತನ್ನ ಕೈಯನ್ನೇ ಬೆರಗಿನಿಂದ ನೋಡಿಕೊಂಡ. ಓಪಲ್ ಕುರ್ಚಿಯಿಂದ ಎದ್ದು, ಮೈಕಿನಲ್ಲಿ ಇಡೀ ಅಖಾಡಕ್ಕೆ ಕೇಳುವಂತೆ ಹೇಳಿದಳು: “ರೇಲೀನ್ ಪ್ರುವಿಟ್, ನೋ ಟೈಮ್. ಪೀಪಾಯಿ ಮುಟ್ಟಿದೋರು ಡಬ್ ಪ್ರುವಿಟ್. ನನ್ನಣ್ಣ.” ಸೋದರಸೊಸೆಯ ಅಳುವಿಗೆ ಅವಳು ಕರಗಲಿಲ್ಲ. ಆ ವರ್ಷದ ಕ್ರಿಸ್‌ಮಸ್ ಊಟದಲ್ಲಿ ಝೆಲ್ಮಾ ಅವಳಿಗೆ ಟರ್ಕಿ ಕೋಳಿಯ ಕತ್ತಿನ ಭಾಗವನ್ನಷ್ಟೇ ಬಡಿಸಿದಳು.

ಇಂಥ ಓಪಲ್ ‘ಬಿತ್ತು’ ಎಂದರೆ ಊರಿನಲ್ಲಿ ಯಾರು ಎದುರಾಡುತ್ತಾರೆ? ಝೆಲ್ಮಾ ಒಬ್ಬಳೇ.

ಮದುವೆಯ ದಿನದ ಸಂಗತಿಯನ್ನು ಝೆಲ್ಮಾ ಹೇಳಿದ್ದು ಲಾಯದಲ್ಲಿ, ಜಿಂಜರ್‌ಳ ಬಾಲ ಬಾಚುತ್ತ. ಅಂದು ಅವಳು ಅಪ್ಪನ ಮನೆಯಿಂದ ಪ್ರುವಿಟ್ ಅಂಗಳಕ್ಕೆ ಪೆಪ್ಪರ್ ಮೇಲೆ ಕುಳಿತು ಬರುವುದೆಂದು ಮಾತಾಗಿತ್ತು. ನಡಿಗೆಯಲ್ಲಿ, ಗಂಭೀರವಾಗಿ. ಬಿಳಿಯ ಗೌನನ್ನು ಜೀನಿನ ಮೇಲೆ ಹರಡಿ, ಬಿಳಿಯ ಟೋಪಿಗೆ ಮುಸುಕು ಸಿಕ್ಕಿಸಿ, ಕೈಯಲ್ಲಿ ಹೂಗುಚ್ಛ ಹಿಡಿದು. ಅಂಗಳದಲ್ಲಿ ಪಾನೀಯದ ಏರ್ಪಾಡು ವರನದು. ರೋಡಿಯೊ ಮೈದಾನದಿಂದ ಖಾಲಿ ಪೀಪಾಯಿ ಮೂರು ತಂದು, ಒಂದೊಂದರ ಮೇಲೂ ತಗಡಿನ ತೊಟ್ಟಿಯಿಟ್ಟು, ಎರಡಕ್ಕೆ ಮಂಜುಗಡ್ಡೆಯ ಜೊತೆ ಸೋಡಾ ಬಾಟಲಿ, ಮೂರನೆಯದಕ್ಕೆ ಕೆಂಪು ಹಣ್ಣಿನ ರಸ ಬೆರೆಸಿದ ಪಂಚ್ ತುಂಬಿಸಿದ್ದ. ಎಲ್ಲಾದರೂ ಇಡಬಹುದಿತ್ತು. ಗೋಡೆಯ ಪಕ್ಕ ಸಾಲಾಗಿ ಇಡಬಹುದಿತ್ತು, ಮರದಡಿ ಗುಂಪಾಗಿ ಇಡಬಹುದಿತ್ತು. ಆದರೆ ಡಬ್ ಎರಡು ವರ್ಷದಿಂದ ಸಂಜೆ ಸಂಜೆ ಅದೇ ಅಂಗಳದಲ್ಲಿ ಝೆಲ್ಮಾಳ ಅಭ್ಯಾಸಕ್ಕೆ ಪೀಪಾಯಿ ಇಟ್ಟುಕೊಟ್ಟವನು. ಅವಳನ್ನು ಅವನು ಒಲಿಸಿಕೊಂಡದ್ದೇ ಪೀಪಾಯಿ ಇಟ್ಟು. ಮದುವೆಯ ಬೆಳಿಗ್ಗೆ ಅವನ ತಲೆ ಬೇರೆಲ್ಲೋ ಇತ್ತು. ಕಾಲು ತನಗೆ ಗೊತ್ತಿದ್ದ ಹೆಜ್ಜೆಗಳನ್ನೇ ಹಾಕಿತು.

ಅಂಗಳದ ಬಾಗಿಲಿಗೆ ಬಂದ ಪೆಪ್ಪರ್ ಮೂರು ಪೀಪಾಯಿ ಕಂಡಳು. ತ್ರಿಕೋನ ಕಂಡಳು. ಕಿವಿ ನಿಮಿರಿತು.

“ಮೊದಲ್ನೇ ಪೀಪಾಯಿ ಅವಳದು,” ಎಂದಳು ಝೆಲ್ಮಾ, ಬಾಲದ ಸಿಕ್ಕು ಬಿಡಿಸುತ್ತ. “ನಾನು ಸುಮ್ನೆ ಮೇಲಿದ್ದೆ, ಮೂಟೆ ಥರ. ಊರೋರೆಲ್ಲಾ ಇವತ್ತಿಗೂ ಅದನ್ನೇ ಹೇಳಿ ನಗ್ತಾರೆ, ಕುದುರೆ ಮದುಮಗಳ್ನ ಹೊತ್ಕೊಂಡು ಓಡ್ತು ಅಂತ. ಆದ್ರೆ ಕೇಳಿ. ಮೊದಲ್ನೇದು ಸುತ್ತಿ ಬರೋವಾಗ ನಾನು ಲಗಾಮು ಎಳೀಬಹುದಿತ್ತು. ಎಳೆದಿದ್ರೆ ನಿಲ್ಲೋಳು. ನನಗೆ ಅನ್ನಿಸ್ತು, ಇಷ್ಟು ಚೆನ್ನಾಗಿ ತಿರುಗಿದಾಳೆ, ಈಗ ನಿಲ್ಸಿದ್ರೆ ಪಾಪ ಅಲ್ವಾ? ಹೂವು ಬಿಸಾಕ್ದೆ. ಕೂತ್ಕೊಂಡೆ. ಎರಡ್ನೇದು, ಮೂರ್ನೇದು ನಾನು ಓಡ್ಸಿದ್ದು. ಕುದುರೆ ಅಲ್ಲ. ನಾನು. ಅದೇ ನಂಗೆ ದಾಖಲೇಲಿ ಬೇಕಾಗಿರೋದು.”

ಅವಳ ಸೋದರಮಾವ ಹಾಯ್ಟ್ ರೋಡಿಯೊದ ಸಮಯಪಾಲಕ. ಸ್ಟಾಪ್‌ವಾಚ್ ಇಲ್ಲದೆ ಅವನು ಸ್ನಾನಕ್ಕೂ ಹೋಗುತ್ತಿರಲಿಲ್ಲ. ಕುದುರೆ ಬಾಗಿಲು ದಾಟುತ್ತಲೇ ಅವನ ಹೆಬ್ಬೆರಳು ತಾನಾಗಿ ಒತ್ತಿತು, ವಾಪಸು ಬಂದಾಗ ಮತ್ತೆ ಒತ್ತಿತು. ಹದಿನಾರು ಸೆಕೆಂಡು, ಮೇಲೆ ಎಂಟು ಹತ್ತಾಂಶ. ಕೌಂಟಿಯಲ್ಲಿ ಅಲ್ಲಿಯವರೆಗೆ ಯಾರೂ ಹದಿನೇಳರ ಕೆಳಗೆ ಇಳಿದಿರಲಿಲ್ಲ. ಹಾಯ್ಟ್ ಸಾಯುವವರೆಗೂ ಆ ಸಂಖ್ಯೆಯನ್ನು ಹಾಡಿನಂತೆ ಹೇಳುತ್ತಿದ್ದ. ಅದರ ಬಗ್ಗೆ ಯಾರ ತಕರಾರೂ ಇಲ್ಲ. ಟೋಪಿ ಬೀಳಲಿಲ್ಲ, ಮುಸುಕೂ ಬೀಳಲಿಲ್ಲ, ಅದಕ್ಕೆ ಫೋಟೋ ಇದೆ. ತಕರಾರು ಇರುವುದು ಮೂರನೆಯ ಪೀಪಾಯಿಯದು. ಜೀನಿನಿಂದ ಇಳಿಬಿಟ್ಟ, ಕಾಲಿಡುವ ರಿಕಾಪು ಅದಕ್ಕೆ ಬಡಿಯಿತು, ಪಂಚ್ ತೊಟ್ಟಿ ಹಾರಿತು, ಪಕ್ಕದಲ್ಲಿ ಸೌಟು ಹಿಡಿದು ನಿಂತಿದ್ದ ಓಪಲ್ ತಲೆಯಿಂದ ಪಾದದವರೆಗೆ ಕೆಂಪಗೆ ತೊಯ್ದಳು. ಸಂಜೆಯೆಲ್ಲಾ ಡಬ್‌ನ ಕೋಟು ಹೊದ್ದೇ ಕುಣಿದಳು.

“ತೊಟ್ಟಿ ಬಿತ್ತು. ನಾನು ಇಲ್ಲ ಅನ್ನಲ್ಲ,” ಎಂದಳು ಝೆಲ್ಮಾ. “ರೂಲಲ್ಲಿ ತೊಟ್ಟಿ ಬಗ್ಗೆ ಏನಾದ್ರೂ ಇದೆಯಾ? ಪೀಪಾಯಿ ಬಗ್ಗೆ ಇರೋದು. ನಾನು ತಿರುಗಿ ನೋಡ್ದಾಗ ಪೀಪಾಯಿ ನೆಟ್ಟಗೆ ನಿಂತಿತ್ತು.”

ಓಪಲ್‌ಳ ಹೇಳಿಕೆ ಪಡೆಯಲು ಸಂಗ್ರಾಹಕರನ್ನು ಕರೆದುಕೊಂಡು ಹೋದವಳೂ ಝೆಲ್ಮಾಳೇ. ಓಪಲ್‌ಳ ಮನೆ ರಸ್ತೆಯಾಚೆಗೇ ಇದ್ದರೂ ಪಿಕಪ್ ಗಾಡಿಯಲ್ಲೇ ಹೋಗಬೇಕೆಂದು ಹಟ ಮಾಡಿದಳು. ಸಾಕ್ಷಿಗಳನ್ನು ಬೇರೆ ಬೇರೆ ಕೇಳಬೇಕೆಂಬ ನಿಯಮ ವಿವರಿಸಿದಾಗ ಒಪ್ಪಿ, ಗಾಡಿಯನ್ನು ಓಪಲ್‌ಳ ಜಗಲಿಗೆ ಒತ್ತಿ ನಿಲ್ಲಿಸಿ, ಕಿಟಕಿಯ ಗಾಜು ಇಳಿಸಿ, ರೇಡಿಯೊ ಆರಿಸಿ, ತಾನು ಬೇರೆಯೇ ಇರುವುದಾಗಿ ಹೇಳಿ ಕುಳಿತಳು.

ಓಪಲ್ ಜಗಲಿಯ ಮೇಲೆ ತಂಪು ಚಹಾ ಮತ್ತು ಪೆಕಾನ್ ಬೀಜದ ಸಿಹಿ ಪೈ ತಂದಿಟ್ಟಳು.

“ಬಿತ್ತು,” ಎಂದಳು. “ಐದು ಸೆಕೆಂಡು ದಂಡ. ಇಪ್ಪತ್ತೊಂದೂ ಎಂಟು. ಬರ್ಕೊಳ್ಳಿ. ಓಟ ಓಡಿದಾಳೆ, ಇಲ್ಲ ಅಂತ ನಾನು ಯಾವತ್ತೂ ಅಂದಿಲ್ಲ. ದಂಡ ಸೇರ್ಸಿ ಬರ್ಕೊಳ್ಳಿ, ಮುಗೀತು.”

“ನೀವು ಎಲ್ಲಿ ನಿಂತಿದ್ರಿ?”

“ಮೂರ್ನೇದರ ಪಕ್ಕ. ಪಂಚ್ ಕಲಸ್ತಿದ್ದೆ. ನನ್ಗಿಂತ ಹತ್ತಿರದಲ್ಲಿ ಇದ್ದಿದ್ದು ನೊಣ ಒಂದೇ.”

“ಹಾಗಿದ್ರೆ ಬಿದ್ದ ಪೀಪಾಯಿನ ಎತ್ತಿ ನಿಲ್ಲಿಸಿದವರು ಯಾರು? ಝೆಲ್ಮಾ ತಿರುಗಿ ನೋಡಿದಾಗ ನಿಂತಿತ್ತು ಅಂತಾರಲ್ಲ.”

ಝೆಲ್ಮಾ ಗಾಡಿಯ ಕಿಟಕಿಯ ಹತ್ತಿರಕ್ಕೆ ಸರಿದಳು. ಇಷ್ಟು ವರ್ಷದ ಜಗಳದಲ್ಲಿ ಈ ಪ್ರಶ್ನೆ ತನಗೇ ಹೊಳೆದಿರಲಿಲ್ಲವಲ್ಲ ಎಂದು ಅವಳಿಗೆ ತುಸು ಅವಮಾನವೂ ಆಯಿತು.

“ಪೈ ತಿನ್ನಿ,” ಎಂದಳು ಓಪಲ್. “ಆರಿ ಹೋಗುತ್ತೆ.”

ಪೈ ಫ್ರಿಜ್ಜಿನಿಂದಲೇ ಬಂದಿತ್ತು.

“ಅವಳು ಉತ್ತರ ಹೇಳ್ಲಿಲ್ಲ,” ಎಂದು ಗಾಡಿಯೊಳಗಿಂದ ದನಿ ಬಂತು.

“ಬೇರೆ ಇರೋರು ಬೇರೇನೇ ಇರ್ಬೇಕು, ಅತ್ತಿಗೆಮ್ಮ,” ಎಂದಳು ಓಪಲ್, ತಲೆ ತಿರುಗಿಸದೆ. ಚುಚ್ಚಬೇಕಾದಾಗ ಮಾತ್ರ ಅವಳು ಝೆಲ್ಮಾಳನ್ನು ಅತ್ತಿಗೆ ಎನ್ನುತ್ತಾಳೆ.

ಎರಡು ಹೇಳಿಕೆ ಒಂದಕ್ಕೊಂದು ಸೇರದಿದ್ದಾಗ ಸ್ಥಳಕ್ಕೆ ಹೋಗಿ, ಇದ್ದವರನ್ನು ಇದ್ದಲ್ಲಿ ನಿಲ್ಲಿಸಿ, ನಿಧಾನವಾಗಿ ನಡೆಸಿ ನೋಡುವುದು ಸಂಗ್ರಾಹಕರ ಮುಂದಿನ ಕ್ರಮ. ಅಂಗಳ ಅದೇ, ಡಬ್ ಮತ್ತು ಝೆಲ್ಮಾ ಈಗ ವಾಸವಿರುವುದು ಅಲ್ಲಿಯೇ. ಕುದುರೆಯನ್ನು ನಡಿಗೆಯಲ್ಲೇ ತರಬೇಕು, ಓಡಿಸಬಾರದು ಎಂದು ಎಲ್ಲರ ಮುಂದೆ ತೀರ್ಮಾನವಾಯಿತು. ಝೆಲ್ಮಾಳಿಗೆ ಎಪ್ಪತ್ತು ವರ್ಷ. ಬಲ ಮೊಣಕಾಲನ್ನು ಬದಲಿಸಲು ವೈದ್ಯರು ಆಗಸ್ಟ್ ತಿಂಗಳನ್ನು ಗೊತ್ತುಮಾಡಿದ್ದರು, ಆಮೇಲೆ ಜೀನು ಹತ್ತುವಂತಿಲ್ಲ ಎಂದೂ ಹೇಳಿದ್ದರು.

“ನಡಿಗೆ,” ಎಂದಳು ಝೆಲ್ಮಾ. “ನಂಗೇನು ಹುಚ್ಚಾ?”

ಶನಿವಾರ ಬೆಳಿಗ್ಗೆ ಡಬ್ ಪೀಪಾಯಿಗಳನ್ನು ಉರುಳಿಸಿಕೊಂಡು ಬಂದ. ಅಂದು ಎಲ್ಲೆಲ್ಲಿ ಇಟ್ಟಿದ್ದಿರೋ ಅಲ್ಲಲ್ಲೇ ಇಡಿ ಎಂದರು ಸಂಗ್ರಾಹಕರು. ಅವನು ಯೋಚಿಸಲಿಲ್ಲ, ಅಳೆಯಲಿಲ್ಲ. ಜೇಬಿನಲ್ಲಿ ಕೈಯಿಟ್ಟು ನಡೆದ, ನಿಂತಲ್ಲಿ ಪೀಪಾಯಿ ನಿಲ್ಲಿಸಿದ. ತೊಟ್ಟಿಗಳಿಗೆ ಬಾವಿಯ ನೀರು ತುಂಬಿಸಿದ. ಓಪಲ್ ಸೊಂಟಕ್ಕೆ ಪಟ್ಟಿ ಬಿಗಿದು, ಊರುಗೋಲು ಮರೆತು, ಸೌಟು ಮಾತ್ರ ಮರೆಯದೆ ಬಂದಳು.

“ಸೌಟು ಯಾಕೆ?” ಎಂದ ಡಬ್.

“ಅವತ್ತು ಸೌಟಿತ್ತು. ಸಾಕ್ಷಿ ಅಂದ್ಮೇಲೆ ಸರಿಯಾಗಿರ್ಬೇಕು.” ಮೂರನೆಯ ಪೀಪಾಯಿಯ ಪಕ್ಕ ನಿಂತು ನೀರು ಕಲಸತೊಡಗಿದಳು.

ಝೆಲ್ಮಾ ಜಿಂಜರ್‌ಳ ಮೇಲೆ ಅಂಗಳದ ಬಾಗಿಲಿಗೆ ಬಂದಳು. ಅವಳ ಮನಸ್ಸಿನಲ್ಲಿ ಇದ್ದದ್ದು ನಡಿಗೆಯೇ. ಇದನ್ನು ಆಮೇಲೆ ಅವಳು ಎಷ್ಟೋ ಬಾರಿ ಆಣೆ ಮಾಡಿ ಹೇಳಿದ್ದಾಳೆ. ಆದರೆ ನಾಲ್ಕು ತಲೆಮಾರು ಮಸಾಲೆಯ ರಕ್ತ ಹರಿದ ಕುದುರೆಗೆ ಆ ತೀರ್ಮಾನವನ್ನು ಯಾರೂ ತಿಳಿಸಿರಲಿಲ್ಲ. ಜಿಂಜರ್ ಮೂರು ಪೀಪಾಯಿ ಕಂಡಳು. ತ್ರಿಕೋನ ಕಂಡಳು. ಝೆಲ್ಮಾ ತನ್ನ ಎರಡು ತೊಡೆಗಳ ನಡುವೆ ಆ ಹಳೆಯ ನಡುಕವನ್ನು ಗುರುತಿಸಿದಳು: ಬೆನ್ನು ತುಸು ತಗ್ಗಿತು, ಹಿಂಗಾಲು ನೆಲ ಹಿಡಿಯಿತು.

“ಅಯ್ಯೋ, ಬೇಡ ಕಣೇ,” ಎಂದಳು, ಪಿಸುಮಾತಿನಲ್ಲಿ.

ಮೊದಲನೆಯ ಪೀಪಾಯಿ ಜಿಂಜರ್‌ಳದು. ಬಲಕ್ಕೆ ಬಿಗಿಯಾಗಿ ಸುತ್ತಿ ಹೊರಬರುವಾಗ ಲಗಾಮು ಎಳೆಯುವ ಹೊತ್ತು ಬಂತು. ಕೈಯಲ್ಲಿ ಲಗಾಮು ಇತ್ತು. ಮೊಣಕಾಲು ಎಚ್ಚರಿಸಿತು, ವೈದ್ಯರು ನೆನಪಾದರು, ಆಗಸ್ಟ್ ನೆನಪಾಯಿತು. ಆಗಸ್ಟ್ ನೆನಪಾದದ್ದರಿಂದಲೇ ಅವಳು ಎಳೆಯಲಿಲ್ಲ. ಕುಳಿತುಕೊಂಡಳು.

ಎರಡನೆಯದು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬರುವಾಗ ಬಲ ಮೊಣಕಾಲಿನ ನೋವಿಗೆ ಅವಳ ಮೈ ಎಡಕ್ಕೆ ವಾಲಿತು. ಕುದುರೆ ಪೀಪಾಯಿಗೆ ತೀರ ಹತ್ತಿರ ಬಂತು. ಎಡ ರಿಕಾಪು ಕಬ್ಬಿಣಕ್ಕೆ ಢಣ್ಣೆಂದು ಬಡಿಯಿತು. ಮೂವತ್ತು ವರ್ಷ ಅದೇ ಸದ್ದಿಗೆ ಕಿವಿಗೊಟ್ಟು ಕುಳಿತವಳು, ಕುರ್ಚಿಯಿಂದ ಒಂದು ಅಂಗುಲವೂ ಮುಂದಕ್ಕೆ ಬಾಗದವಳು, ಸೌಟನ್ನು ಎಸೆದಳು. ಪಟ್ಟಿ ಬಿಗಿದ ಸೊಂಟ ಬಾಗಿತು, ಎರಡೂ ತೋಳು ಚಾಚಿದವು, ವಾಲಿದ ಪೀಪಾಯಿಯನ್ನು ಓಪಲ್ ಎದೆಗೆ ಅವಚಿಕೊಂಡಳು. ತೊಟ್ಟಿ ಅವಳ ಹೆಗಲ ಮೇಲೆ ಮಗುಚಿ ಬಿತ್ತು.

ಝೆಲ್ಮಾ ಬಾಗಿಲವರೆಗೆ ಓಡಿಸಿ, ಕುದುರೆಯನ್ನು ತಿರುಗಿಸಿ, ಈಗ ನಿಜವಾಗಿಯೂ ನಡಿಗೆಯಲ್ಲಿ, ವಾಪಸು ಬಂದಳು. ಓಪಲ್ ಇನ್ನೂ ಹಾಗೆಯೇ ನಿಂತಿದ್ದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಓಪಲ್, ಏನೇ ಮಾಡ್ತಿದೀಯ?”

“ಏನ್ ಮಾಡ್ತಿದೀನಿ?”

“ಪೀಪಾಯಿ ತಬ್ಕೊಂಡಿದೀಯ.”

“ಗಾಳಿ ಇದೆ,” ಎಂದಳು ಓಪಲ್. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವಳು ನಿಧಾನವಾಗಿ ಒಂದು ತೋಳು ಬಿಡಿಸಿದಳು, ಪೀಪಾಯಿ ನಿಲ್ಲುತ್ತದೆಂದು ಖಾತ್ರಿಯಾದ ಮೇಲೆ ಇನ್ನೊಂದು.

“ಅವತ್ತೂ ಹೀಗೇ ಒದ್ದೆಯಾಗಿದ್ದೆ.” ಝೆಲ್ಮಾಳ ದನಿ ತಗ್ಗಿತು. “ಬರೀ ತೊಟ್ಟಿ ಚೆಲ್ಲಿದ್ರೆ ಅಷ್ಟು ತೋಯ್ತಿರ್ಲಿಲ್ಲ. ತೊಟ್ಟಿ ಕೆಳಗೆ ತಲೆಯಿಟ್ಟೋಳು ನೀನು. ಹಿಡ್ದಿದ್ದೆ ನೀನು. ಹಿಡ್ಕೊಂಡು, ಬಿತ್ತು ಅಂತ ನಲವತ್ನಾಕು ವರ್ಷ ಸಾಧಿಸ್ದೆ.”

“ಬಿತ್ತು ಅಂದ್ರೆ ಐದು ಸೆಕೆಂಡು,” ಎಂದಳು ಓಪಲ್, ಮಗುವಿಗೆ ಮಗ್ಗಿ ಹೇಳಿಕೊಡುವಂತೆ. “ನಾನು ಹಿಡ್ದೆ ಅಂದ್ರೆ ಓಟವೇ ಇಲ್ಲ. ನೋ ಟೈಮ್. ಹಾಯ್ಟ್ ಮಾವ ಅಷ್ಟು ಕುಣೀತಿದ್ರು, ನೀನು ಅಷ್ಟು ಕುಣೀತಿದ್ದೆ. ಐದು ಸೆಕೆಂಡು ಹಾಕ್ದೆ, ಓಟ ಉಳಿಸ್ದೆ. ನಿಂಗೆ ಅಷ್ಟೂ ತಲೆ ಓಡ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ?”

“ಹಿಡ್ದಿದ್ದು ಯಾಕೆ? ಆಗ ನೀನು ನನ್ನ ಜೊತೆ ಮಾತೇ ಬಿಟ್ಟಿದ್ದೆ.”

“ಬಿಟ್ಟಿದ್ದೆ.” ಓಪಲ್ ಕೆಳಗೆ ಬಿದ್ದಿದ್ದ ಸೌಟನ್ನು ಹುಡುಕುವವಳಂತೆ ನೆಲ ನೋಡಿದಳು. “ಕೈಗೆ ಅದು ಗೊತ್ತಿರ್ಲಿಲ್ಲ.”

ಜಿಂಜರ್ ಪೀಪಾಯಿಯನ್ನು ಮೂಸಿ, ಅದರ ಮೇಲೆ ಉಳಿದಿದ್ದ ನೀರನ್ನು ನೆಕ್ಕಿದಳು. ಓಪಲ್ ಸಂಗ್ರಾಹಕರ ಕಡೆ ತಿರುಗಿದಳು. “ನಾನು ಮಾತು ಬದಲಾಯ್ಸಲ್ಲ. ಬಿತ್ತು ಅಂತಲೇ ಹಾಕಿ. ಇವಳೂ ಈಗ ಒಪ್ಕೊಳ್ತಾಳೆ.”

ಒಪ್ಪಿಕೊಂಡರೆ ಓಟ ಉಳಿಯುತ್ತದೆ. ಇಪ್ಪತ್ತೊಂದೂ ಎಂಟು: ಹೆಮ್ಮೆಪಡುವಂಥದ್ದಲ್ಲ, ಆದರೆ ಓಟ. ಝೆಲ್ಮಾ ಹೆಸರಿನ ಮುಂದೆ ಒಂದು ಸಂಖ್ಯೆ. ತಾನು ಮೂಟೆಯಂತೆ ಕುಳಿತಿರಲಿಲ್ಲ, ತಾನು ಓಡಿಸಿದೆ ಎಂಬುದಕ್ಕೆ ಗುರುತು. ಅವಳು ಜೀನಿನ ಮೇಲೆ ಕುಳಿತು ಅದನ್ನು ತೂಗಿ ನೋಡಿದಳು. ಬಲ ಮೊಣಕಾಲು ಹೊಡೆದುಕೊಳ್ಳುತ್ತಿತ್ತು. ಎದುರಿಗೆ ನಾದಿನಿ ಬ್ಲೌಸಿನ ತುದಿ ಹಿಂಡಿಕೊಳ್ಳುತ್ತಿದ್ದಳು.

“ಬೇಡ,” ಎಂದಳು ಝೆಲ್ಮಾ. “ಪ್ರೊಫೆಸರ್ರೇ, ನೋ ಟೈಮ್ ಅಂತ ಹಾಕಿ.”

“ಏನಂದೆ?” ಎಂದಳು ಓಪಲ್.

“ನೋ ಟೈಮ್. ಕಾರಣ ಪೂರ್ತಿ ಬರೀಬೇಕು. ಪೀಪಾಯಿ ಯಾರು ಹಿಡಿದ್ರು ಅಂತ ಹೆಸ್ರು ಸಮೇತ.”

“ನನ್ನ ಹೆಸ್ರು ಯಾಕೆ ಬೇಕು? ತೀರ್ಪುಗಾರಳ ಮರ್ಯಾದೆ ಏನಾಗ್ಬೇಕು?”

“ರೇಲೀನ್‌ಗೆ ಕೊಟ್ಟಾಗ ಅವಳಪ್ಪನ ಹೆಸ್ರು ಮೈಕಲ್ಲಿ ಕೂಗ್ಲಿಲ್ವಾ? ನೀನು ಮೈಕಲ್ಲಿ ಕೂಗಿದೆ, ನಾನು ಬರೆಸ್ತಿದೀನಿ ಅಷ್ಟೆ.”

“ಹದಿನಾರೂ ಎಂಟು ಹೋಗುತ್ತಲ್ಲೇ,” ಎಂದಳು ಓಪಲ್. ಆ ಸಂಖ್ಯೆ ಅವಳ ಬಾಯಿಂದ ದಂಡ ಸೇರದೆ ಬಂದದ್ದು ಅದೇ ಮೊದಲು.

“ಹೋಗ್ಲಿ ಬಿಡು. ಅದು ಹೇಗೂ ನಂಗೊತ್ತು. ಇದು ಯಾರಿಗೂ ಗೊತ್ತಿಲ್ಲ.”

ಸಂಗ್ರಾಹಕರು ಕ್ರಮದ ಪ್ರಶ್ನೆ ಎತ್ತಿದರು. ಓಪಲ್ ಹೇಳಿದ್ದು ಒಂದು ಸಾಕ್ಷಿ. ಅಂದು ಹಿಡಿದದ್ದನ್ನು ಕಣ್ಣಾರೆ ಕಂಡ ಇನ್ನೊಬ್ಬರು ಬೇಕು. ಝೆಲ್ಮಾ ಆಗ ಮುಂದಕ್ಕೆ ನೋಡುತ್ತಿದ್ದಳು.

“ನಾನು ನೋಡ್ದೆ,” ಎಂದ ಡಬ್.

ಇಬ್ಬರು ಹೆಂಗಸರೂ ಒಟ್ಟಿಗೆ ತಿರುಗಿದರು.

“ಓಪಲ್ ಹಿಡಿದ್ಲು. ಹೀಗೇ, ತೋಳಲ್ಲಿ. ರೇಲೀನ್ ಓಡ್ಸಿದ ದಿನ ನಂಗೂ ಅದೇ ನೆನಪಾಗಿ ಕೈ ಹೋಗಿದ್ದು.”

“ಪಾದ್ರಿ ಕಡೆ ನೋಡ್ತಿದ್ದೆ ಅಂತಿದ್ಯಲ್ಲೋ ನೀನು,” ಎಂದಳು ಝೆಲ್ಮಾ.

“ನೋಡ್ತಿದ್ದೆ,” ಎಂದ ಡಬ್. “ಪಾದ್ರಿ ಮೂರ್ನೇ ಪೀಪಾಯಿ ಹಿಂದೆ ನಿಂತಿದ್ರು.”

ಅವನು ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ. ಆಮೇಲೆ ತನ್ನ ಅಂಗಿಯ ಮೇಲೆ ತೊಟ್ಟಿದ್ದ ಕೋಟನ್ನು ಬಿಚ್ಚಿ ತಂಗಿಯ ಹೆಗಲಿಗೆ ಹೊದಿಸಿದ. ಝೆಲ್ಮಾ ಕುದುರೆಯಿಂದ ಇಳಿಯಲಾರದೆ ಒದ್ದಾಡಿದಳು. ಓಪಲ್ ಕೋಟಿನ ತೋಳೊಳಗಿಂದ ಕೈ ಹೊರತೆಗೆದು ಅವಳಿಗೆ ಹೆಗಲು ಕೊಟ್ಟಳು.

“ಕುದುರೆಯಿಂದ ಇಳಿಸೋದಕ್ಕೆ ರೂಲು ಏನೂ ಇಲ್ವಾ?” ಎಂದಳು ಝೆಲ್ಮಾ.

“ಓಟ ಮುಗಿದ್ಮೇಲೆ ಏನು ಬೇಕಾದ್ರೂ ಮುಟ್ಟಬಹುದು,” ಎಂದಳು ಓಪಲ್.

ಅಂದು ಮಧ್ಯಾಹ್ನ ಮೂವರ ಸಮ್ಮುಖದಲ್ಲಿ, ಮೂವರಿಗೂ ಓದಿ ಹೇಳಿ, ದಾಖಲೆಗೆ ಸೇರಿಸಿದ್ದು ಇಷ್ಟು:

೧೯೮೦ನೆಯ ಇಸವಿ ಜೂನ್ ೧೪, ಶನಿವಾರ, ಹ್ಯಾಕ್‌ಬೆರಿ, ಪ್ರುವಿಟ್ ಅಂಗಳ. ಸವಾರಳು ವಧು ಝೆಲ್ಮಾ, ಕುದುರೆ ಪೆಪ್ಪರ್. ನೋ ಟೈಮ್. ಕಾರಣ: ಮೂರನೆಯ ಪೀಪಾಯಿ ಬೀಳದಂತೆ ವರನ ತಂಗಿ ಓಪಲ್ ಎರಡೂ ತೋಳಿನಿಂದ ತಬ್ಬಿ ಹಿಡಿದಿದ್ದಳು.